ಕಾಪಾಡಲು ಬಂದ ಹಡಗೇ ಅಪಾಯವಾಗಬಾರದು: ನಿರಾಶ್ರಿತರ ರಕ್ಷಣಾ ಹಡಗನ್ನು ಹೇಗೆ ಕಟ್ಟಬೇಕು?

2015ರ ಏಪ್ರಿಲ್ 18ರ ರಾತ್ರಿ. ಲಿಬಿಯಾದ ಕಡೆಯಿಂದ ಒಂದು ಹಳೆಯ ಮೀನುಗಾರಿಕೆ ದೋಣಿ ನೂರಾರು ಜನರನ್ನು ತುಂಬಿಕೊಂಡು ಇಟಲಿಯತ್ತ ಹೊರಟಿತ್ತು. ನಡುಸಮುದ್ರದಲ್ಲಿ ಸಹಾಯಕ್ಕೆ ಕರೆ ಹೋಯಿತು. ಹತ್ತಿರದಲ್ಲಿದ್ದ 'ಕಿಂಗ್ ಜೇಕಬ್' ಎಂಬ ದೊಡ್ಡ ಸರಕು ಹಡಗು ನೆರವಿಗೆ ಬಂತು. ಅದು ಸಮೀಪಿಸಿದ ಹೊತ್ತಿಗೆ ದೋಣಿ ಅದಕ್ಕೆ ಡಿಕ್ಕಿ ಹೊಡೆದು ಮಗುಚಿತು. ಬದುಕಿ ಬಂದವರು 28 ಜನ. ಸತ್ತವರು 700ಕ್ಕೂ ಹೆಚ್ಚು.

ಬಂದವರಿಗೆ ಕಾಪಾಡುವ ಮನಸ್ಸು ಇತ್ತು. ಆದರೆ ಅವರ ಕೈಯಲ್ಲಿದ್ದದ್ದು ಕಂಟೇನರ್ ಹೊರಲು ಕಟ್ಟಿದ ಹಡಗು. ಕಿಕ್ಕಿರಿದ ದೋಣಿಯಿಂದ ಜನರನ್ನು ಎತ್ತಿಕೊಳ್ಳುವ ಕೆಲಸವೇ ಬೇರೆ. ಅದಕ್ಕೆ ಬೇಕಾದ ಆಕಾರ, ಎತ್ತರ, ಜಾಗ ಎಲ್ಲವೂ ಬೇರೆ. ಕರುಣೆ ಇರುವ ಹಡಗು ಬೇಕಾದರೆ ಅದನ್ನು ನಕ್ಷೆ ಹಾಕುವಾಗಲೇ ಬರೆದಿಡಬೇಕು. ಡೆಕ್ ನೀರಿನಿಂದ ಎಷ್ಟು ಮೇಲಿದೆ, ಕುಡಿಯುವ ನೀರಿನ ಟ್ಯಾಂಕ್ ಎಷ್ಟು ದೊಡ್ಡದು, ಹೆಂಗಸರ ಶೌಚಾಲಯಕ್ಕೆ ಹೋಗುವ ದಾರಿ ಯಾವುದು ಎಂಬುದರಲ್ಲೇ ಅದು ಇದೆ. ಆಮೇಲೆ ಒಳ್ಳೆಯ ಜನರನ್ನು ಹತ್ತಿಸಿ ಸರಿಮಾಡುತ್ತೇವೆ ಅಂದರೆ ಆಗುವುದಿಲ್ಲ.

ಸಮುದ್ರವೇ ಇಲ್ಲದ ಬಾಗಲಕೋಟೆಯಲ್ಲಿ ಕೂತು ಇದನ್ನೆಲ್ಲ ಯಾಕೆ ಬರೆಯಬೇಕು ಅಂತ ಕೆಲವರು ಕೇಳಬಹುದು. ನಮ್ಮ ಹಳೇ ಊರಿನ ದೊಡ್ಡ ಭಾಗ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಜನ ನವನಗರಕ್ಕೆ ಬಂದರು. 2009ರಲ್ಲೂ 2019ರಲ್ಲೂ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಉಕ್ಕಿದಾಗ ಮುಧೋಳ, ಜಮಖಂಡಿ, ಗೋಕಾಕ, ರಾಮದುರ್ಗದ ಕಡೆಯ ಜನ ಮನೆ ಬಿಟ್ಟು ಬೋಟ್ ಹತ್ತಿದರು. ನೀರಿಗೆ ಹೆದರಿ ಮನೆ ಬಿಡುವುದು ಅಂದರೇನು ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಯುದ್ಧಕ್ಕೋ ಹಸಿವಿಗೋ ಹೆದರಿ ಮನೆ ಬಿಟ್ಟು ಆಮೇಲೆ ನೀರಿಗೆ ಇಳಿಯುವವರ ಕಷ್ಟ ಅದಕ್ಕಿಂತ ದೊಡ್ಡದು.

ಅಂತಾರಾಷ್ಟ್ರೀಯ ವಲಸೆ ಸಂಸ್ಥೆ 2014ರಿಂದ ಈ ಸಾವುಗಳ ಲೆಕ್ಕ ಇಡುತ್ತಿದೆ. ಅಲ್ಲಿಂದೀಚೆಗೆ ಮೆಡಿಟರೇನಿಯನ್ ಸಮುದ್ರ ಒಂದರಲ್ಲೇ ಸತ್ತವರು, ಕಾಣೆಯಾದವರು 28,000ಕ್ಕೂ ಹೆಚ್ಚು. ನಮ್ಮ ಹತ್ತಿರದ ಅಂಡಮಾನ್ ಸಮುದ್ರವೂ ಇದರಿಂದ ಹೊರತಲ್ಲ. 2015ರ ಮೇ ತಿಂಗಳಲ್ಲಿ ಸಾವಿರಾರು ರೋಹಿಂಗ್ಯಾ ಮತ್ತು ಬಾಂಗ್ಲಾದೇಶಿ ಜನ ಅಲ್ಲಿ ದೋಣಿಗಳಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಮೊದಮೊದಲು ಯಾವ ದೇಶವೂ ಅವರನ್ನು ದಡಕ್ಕೆ ಬಿಡಲಿಲ್ಲ.

ಎದುರಿಗೆ ಬರುವ ದೋಣಿ

ರಕ್ಷಣಾ ಹಡಗಿನ ವಿನ್ಯಾಸ ಶುರುವಾಗಬೇಕಾದದ್ದು ಎದುರಿನ ದೋಣಿಯಿಂದ. ಅದು ಸಾಮಾನ್ಯವಾಗಿ ಮೂರು ಬಗೆಯದು.

ಒಂದು, ರಬ್ಬರ್ ದೋಣಿ. ಗಾಳಿ ತುಂಬಿದ ಎರಡು ಕೊಳವೆ, ನಡುವೆ ಪ್ಲೈವುಡ್ ಹಲಗೆ. ಅಡಿಯಲ್ಲಿ ಗಟ್ಟಿ ತೊಲೆ ಇರುವುದಿಲ್ಲ. ಹತ್ತು ಹನ್ನೆರಡು ಮೀಟರ್ ಉದ್ದದ ಇಂಥ ದೋಣಿಯಲ್ಲಿ ನೂರಕ್ಕೂ ಜಾಸ್ತಿ ಜನ ಇರುತ್ತಾರೆ. ಹಲಗೆ ಮುರಿದರೆ ದೋಣಿ ನಡುವೆ ಮಡಚಿಕೊಳ್ಳುತ್ತದೆ. ಇನ್ನೊಂದು, ಮರದ ದೋಣಿ. ಮೇಲೆ ಕಾಣುವಷ್ಟೇ ಜನ ಕೆಳಗಿನ ಕೋಣೆಯಲ್ಲೂ ಇರುತ್ತಾರೆ. ಎಂಜಿನ್ ಹೊಗೆ ಅಲ್ಲೇ ಸುತ್ತುತ್ತದೆ, ಉಸಿರುಕಟ್ಟಿ ಸಾಯುವವರು ಅಲ್ಲಿನವರೇ. ಮೂರನೆಯದು ಈಚೆಗೆ ಟುನೀಶಿಯಾದ ಸ್ಫ್ಯಾಕ್ಸ್ ಕಡೆಯಿಂದ ಬರುವ ತಗಡಿನ ದೋಣಿ. ಅವಸರದಲ್ಲಿ ಬೆಸುಗೆ ಹಾಕಿರುತ್ತಾರೆ. ನೀರು ಹೊಕ್ಕರೆ ಕಲ್ಲಿನಂತೆ ಮುಳುಗುತ್ತದೆ. ಅದರ ಅಂಚು ಹರಿತ, ಹತ್ತಿರ ಹೋದ ರಬ್ಬರ್ ಬೋಟನ್ನೂ ಸೀಳಬಲ್ಲದು.

ಈ ದೋಣಿಗಳೊಳಗೆ ಇನ್ನೊಂದು ಕಾಣದ ಅಪಾಯ ಇದೆ. ಡಬ್ಬಿಗಳಿಂದ ಚೆಲ್ಲಿದ ಪೆಟ್ರೋಲ್ ಉಪ್ಪುನೀರಿನ ಜೊತೆ ಬೆರೆತು ದೋಣಿಯ ತಳದಲ್ಲಿ ನಿಲ್ಲುತ್ತದೆ. ಗಂಟೆಗಟ್ಟಲೆ ಅದರಲ್ಲೇ ಕೂತವರ ಚರ್ಮ ಸುಟ್ಟುಹೋಗುತ್ತದೆ. ಹೆಂಗಸರನ್ನು, ಮಕ್ಕಳನ್ನು ಅಂಚಿನಲ್ಲಿ ಕೂರಿಸಿದರೆ ಬಿದ್ದುಬಿಡುತ್ತಾರೆ ಅಂತ ನಡುವೆ ಕೂರಿಸುತ್ತಾರೆ. ಹಾಗಾಗಿ ಈ ಸುಟ್ಟಗಾಯ ಹೆಚ್ಚಾಗಿ ಆಗುವುದು ಹೆಂಗಸರಿಗೇ. ಸೊಂಟದಿಂದ ಕೆಳಗೆ, ಯಾರಿಗೂ ತೋರಿಸಲು ಸಂಕೋಚಪಡುವ ಜಾಗದಲ್ಲಿ. ಈ ಒಂದು ಸಂಗತಿಯೇ ಹಡಗಿನ ನಕ್ಷೆಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಮುಂದೆ ನೋಡೋಣ.

ಮೊದಲ ಹತ್ತು ನಿಮಿಷ

ಜಮಖಂಡಿ ಕಡೆ ಪ್ರವಾಹದಲ್ಲಿ ಬೋಟ್ ನಡೆಸಿದ ಪರಿಚಯದ ಕಾಕಾ ಒಬ್ಬರು ಹೇಳಿದ್ದರು: "ಬೋಟ್ ಕಂಡ ಕೂಡ್ಲೇ ಮಂದಿ ಎದ್ದ ನಿಂದ್ರತಾರ್ರೀ. ಎಲ್ಲಾರೂ ಒಂದ ಬಾಜು ಬರ್ತಾರ. ಅದಕ್ಕ ದೂರದಿಂದನ ಕೂಗಬೇಕು, ಕುಂದರ್ರಿ, ಒಬ್ಬರನ್ನೂ ಬಿಡಂಗಿಲ್ಲ, ಎಲ್ಲಾರ್ನೂ ಒಯ್ತೀವಿ ಅಂತ." ಮೆಡಿಟರೇನಿಯನ್ ಸಮುದ್ರದಲ್ಲಿ ಕೆಲಸ ಮಾಡುವ ತಂಡಗಳು ಪಾಲಿಸುವ ಮೊದಲ ನಿಯಮವೂ ಇದೇ.

ಲೆಕ್ಕ ಹಾಕಿ ನೋಡಿ. ಹಡಗಿನ ಸ್ಥಿರತೆ ಅಳೆಯುವಾಗ ಒಬ್ಬ ಮನುಷ್ಯನಿಗೆ 75 ಕಿಲೋ ಎಂದು ಹಿಡಿಯುವುದು ಅಂತಾರಾಷ್ಟ್ರೀಯ ಪದ್ಧತಿ. ನೂರು ಜನ ಅಂದರೆ 7.5 ಟನ್. ಕೂತಿರುವಾಗ ಈ ಭಾರ ತಳಕ್ಕೆ ಹತ್ತಿರ ಇರುತ್ತದೆ. ಎಲ್ಲರೂ ಎದ್ದರೆ ಗುರುತ್ವ ಕೇಂದ್ರ ಮೇಲಕ್ಕೆ ಹೋಗುತ್ತದೆ. ಎದ್ದವರು ಒಂದೇ ಬದಿಗೆ ಸರಿದರೆ ದೋಣಿಯನ್ನು ನೆಟ್ಟಗೆ ಎತ್ತಿ ಹಿಡಿಯುವ ನೀರಿನ ಬಲಕ್ಕೆ ಅದನ್ನು ಸರಿದೂಗಿಸಲು ಆಗುವುದಿಲ್ಲ. ಮಗುಚಲು ಅಲೆಯೇ ಬೇಕಿಲ್ಲ.

2019ರ ಆಗಸ್ಟ್ 8ರಂದು ಕೃಷ್ಣೆಯ ಮೇಲ್ಭಾಗದಲ್ಲಿ, ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ, ಪ್ರವಾಹದಿಂದ ಪಾರಾಗಲು ಹತ್ತಿದ ದೋಣಿಯೇ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತರು. ತುಂಬಾ ಜನ ಹತ್ತಿದ್ದರು. ಅದೇ ನೀರು ಮುಂದೆ ನಮ್ಮ ಚಿಕ್ಕೋಡಿ, ಅಥಣಿ, ಜಮಖಂಡಿಗೆ ಬರುತ್ತದೆ.

ಆದ್ದರಿಂದ ದೊಡ್ಡ ಹಡಗು ನೇರವಾಗಿ ದೋಣಿಯ ಪಕ್ಕಕ್ಕೆ ಹೋಗಬಾರದು. ಅದು ಸ್ವಲ್ಪ ದೂರದಲ್ಲೇ ನಿಂತು ಸಣ್ಣ ವೇಗದ ಬೋಟುಗಳನ್ನು ಇಳಿಸಬೇಕು. ಇವುಗಳ ತಳ ಗಟ್ಟಿ, ಬದಿಗಳು ಗಾಳಿ ತುಂಬಿದ ಕೊಳವೆ. ಡಿಕ್ಕಿ ಹೊಡೆದರೂ ಪೆಟ್ಟು ಕಡಿಮೆ, ನೀರಿನಲ್ಲಿರುವವರಿಗೆ ಬದಿ ಹಿಡಿದುಕೊಳ್ಳಲೂ ಸುಲಭ. ಈ ಬಗೆಯ ಬೋಟ್ 1960ರ ದಶಕದಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ, ಅಟ್ಲಾಂಟಿಕ್ ಕಾಲೇಜು ಎಂಬ ವಸತಿ ಶಾಲೆಯಲ್ಲಿ ಹುಟ್ಟಿತು. ಅಲ್ಲಿನ ಮುಖ್ಯಸ್ಥ, ನೌಕಾಪಡೆಯ ನಿವೃತ್ತ ಅಧಿಕಾರಿ ಡೆಸ್ಮಂಡ್ ಹೋರ್, ವಿದ್ಯಾರ್ಥಿಗಳ ಜೊತೆ ಸೇರಿ ಅದನ್ನು ರೂಪಿಸಿದರು.

ಸಣ್ಣ ಬೋಟು ಕೂಡ ಹೋದ ಕೂಡಲೇ ಜನರನ್ನು ಎಳೆದುಕೊಳ್ಳುವುದಿಲ್ಲ. ಮೊದಲು ದೂರದಿಂದ ಒಂದು ಸುತ್ತು. ಆಮೇಲೆ ಮಾತು. ಆಮೇಲೆ ಎಲ್ಲರಿಗೂ ಲೈಫ್ ಜಾಕೆಟ್. ದೋಣಿ ಮಗುಚಿದರೂ ತೇಲುತ್ತಾರೆ ಎಂಬ ಧೈರ್ಯ ಬಂದ ಮೇಲೆಯೇ ಹತ್ತಿಸಿಕೊಳ್ಳುವ ಕೆಲಸ, ಅದೂ ಕೆಲವೇ ಜನರಂತೆ. ಕೈಮೀರಿ ತುಂಬಾ ಜನ ನೀರಿಗೆ ಬಿದ್ದರೆ ಎಂದು ಗಾಳಿ ತುಂಬಿ ನೀರಿಗೆ ಬಿಡುವ ಉದ್ದನೆಯ ಕೊಳವೆಗಳೂ ಬೇಕು. ಹತ್ತಾರು ಜನ ಒಟ್ಟಿಗೆ ಅದನ್ನು ಹಿಡಿದು ತೇಲಬಹುದು.

ಆ ಮೊದಲ ಮಾತು ಯಾವ ಭಾಷೆಯಲ್ಲಿ? ಅರಬ್ಬಿ, ಫ್ರೆಂಚ್, ಇಂಗ್ಲಿಷ್, ಎರಿಟ್ರಿಯಾದವರ ಟಿಗ್ರಿನ್ಯಾ. ಬಂಗಾಳಿ ಕೂಡ. ಈಚಿನ ವರ್ಷಗಳಲ್ಲಿ ಆ ದಾರಿಯಲ್ಲಿ ಬರುವವರಲ್ಲಿ ಬಾಂಗ್ಲಾದೇಶದವರ ಸಂಖ್ಯೆ ದೊಡ್ಡದು. ಹಾಗಾಗಿ ಬೋಟಿನಲ್ಲಿ ಭಾಷೆ ಬಲ್ಲವರಿಗೆ ಒಂದು ಕಾಯಂ ಜಾಗ ಇರಲೇಬೇಕು, ಅದೂ ಮುಂಬದಿಯಲ್ಲಿ, ಎಲ್ಲರಿಗೂ ಮುಖ ಕಾಣುವಂತೆ. ಬಣ್ಣವೂ ಮುಖ್ಯ. ಲಿಬಿಯಾದ ಬಂದೀಖಾನೆಗಳಲ್ಲಿ ಹಿಂಸೆ ಅನುಭವಿಸಿ ಬಂದವರಿಗೆ ಬೂದು ಬಣ್ಣದ ಬೋಟು, ಸಮವಸ್ತ್ರ ಕಂಡರೆ ಮತ್ತೆ ಹಿಡಿದೊಯ್ಯಲು ಬಂದರು ಎಂಬ ದಿಗಿಲು. ಆ ದಿಗಿಲಿಗೆ ನೀರಿಗೆ ಹಾರುವವರೂ ಇದ್ದಾರೆ. ಕೆಂಪು, ಕಿತ್ತಳೆ ಬಣ್ಣ ದೂರದಿಂದಲೇ ಕಾಣುತ್ತದೆ, ಮಿಲಿಟರಿಯವರಲ್ಲ ಎಂದೂ ತಿಳಿಯುತ್ತದೆ.

ಹಡಗು ಹತ್ತುವ ಎತ್ತರ

ಸರಕು ಹಡಗಿನ ಬದಿ ನೀರಿನಿಂದ ಹಲವು ಮೀಟರ್ ಮೇಲಿರುತ್ತದೆ. ಬಂದರಿಗೆ ದಾರಿ ತೋರಿಸುವ ಪೈಲಟ್‌ಗಳು ಹಗ್ಗದ ಏಣಿ ಹತ್ತಿ ಹೋಗುತ್ತಾರಲ್ಲ, ಅದಕ್ಕೂ ಒಂದು ನಿಯಮ ಇದೆ. ಎತ್ತರ 9 ಮೀಟರ್ ದಾಟಿದರೆ ಹಗ್ಗದ ಏಣಿ ಒಂದೇ ಸಾಲದು, ಜೊತೆಗೆ ಮೆಟ್ಟಿಲಿನ ಏಣಿಯನ್ನೂ ಇಳಿಬಿಡಬೇಕು. ದಿನವೂ ಅದೇ ಕೆಲಸ ಮಾಡುವ ನುರಿತವರಿಗೇ ಈ ಕಾಳಜಿ. ಹಾಗಿದ್ದರೆ ಎರಡು ದಿನ ನೀರು ಕುಡಿಯದ, ಕಾಲು ಮರಗಟ್ಟಿದ ಬಸುರಿ ಹೆಂಗಸು ಆ ಏಣಿ ಹತ್ತಬೇಕು ಅಂದರೆ?

ಸಮುದ್ರದ ಎಣ್ಣೆ ಬಾವಿಗಳಿಗೆ ಸಾಮಾನು ಒಯ್ಯುವ ಹಡಗುಗಳು ಈ ಕೆಲಸಕ್ಕೆ ಬಂದದ್ದು ಇದೇ ಕಾರಣಕ್ಕೆ. ಅವುಗಳ ಹಿಂಬದಿಯ ಡೆಕ್ ಅಗಲವಾಗಿ, ತಗ್ಗಾಗಿ, ನೀರಿಗೆ ಹತ್ತಿರ ಇರುತ್ತದೆ. 2019ರಿಂದ 'ಎಸ್‌ಒಎಸ್ ಮೆಡಿಟರೇನಿ' ಸಂಸ್ಥೆ ನಡೆಸುತ್ತಿರುವ 69 ಮೀಟರ್ ಉದ್ದದ 'ಓಷನ್ ವೈಕಿಂಗ್' 1986ರಲ್ಲಿ ಕಟ್ಟಿದ ಇಂಥದೇ ಹಡಗು. ಅದಕ್ಕೂ ಮೊದಲಿನ 'ಅಕ್ವೇರಿಯಸ್' ಜರ್ಮನಿಯ ಮೀನುಗಾರಿಕೆ ಕಾವಲು ಹಡಗಾಗಿತ್ತು. ಗಡಿ ಇಲ್ಲದ ವೈದ್ಯರ ಸಂಸ್ಥೆ 2021ರಿಂದ 2024ರವರೆಗೆ ಬಳಸಿದ 'ಜಿಯೋ ಬ್ಯಾರೆಂಟ್ಸ್' ಸಮುದ್ರದ ತಳ ಪರೀಕ್ಷಿಸುವ ಹಡಗು. ಹೀಗೆ ಬೇರೆ ಕೆಲಸಕ್ಕೆ ಕಟ್ಟಿದ ಹಡಗುಗಳನ್ನೇ ತಂದು, ಡೆಕ್ ಮೇಲೆ ಕಂಟೇನರ್ ಇಟ್ಟು, ಅದರಲ್ಲಿ ಆಸ್ಪತ್ರೆ, ಹೆಂಗಸರ ಕೋಣೆ ಮಾಡಿಕೊಂಡು ಇವರು ಸಾವಿರಾರು ಜೀವ ಉಳಿಸಿದ್ದಾರೆ. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೂ ಹೊಸದಾಗಿ ನಕ್ಷೆ ಹಾಕುವ ಅವಕಾಶ ಸಿಕ್ಕರೆ ಹಡಗಿನ ನಡುಭಾಗದಲ್ಲಿ, ಎರಡೂ ಬದಿಗೆ, ನೀರಿನ ಮಟ್ಟಕ್ಕೆ ಹತ್ತಿರ ತೆರೆಯುವ ಬಾಗಿಲು ಇಡಬೇಕು. ಹಿಂಬದಿಯಲ್ಲಿ ತಿರುಗುವ ಪ್ರೊಪೆಲ್ಲರ್ ಇರುತ್ತದೆ. ನಡುಭಾಗ ಅಲೆಗೆ ಮೇಲೆ ಕೆಳಗೆ ಆಡುವುದೂ ಕಡಿಮೆ.

ಎರಡೂ ಬದಿ ಯಾಕೆಂದರೆ ಗಾಳಿ ಯಾವ ಕಡೆಯಿಂದ ಬರುತ್ತದೋ ಹೇಳಲಾಗದು. ಹಡಗು ಗಾಳಿಗೆ ಅಡ್ಡ ನಿಂತರೆ ಅದರ ಮರೆಯಲ್ಲಿ ನೀರು ಸ್ವಲ್ಪ ಶಾಂತವಾಗುತ್ತದೆ. ಹತ್ತಿಸಿಕೊಳ್ಳಲು ಆ ಬದಿಯೇ ವಾಸಿ.

ನೀರಿನಲ್ಲಿ ಬಹಳ ಹೊತ್ತು ಇದ್ದವರನ್ನು ಎತ್ತುವ ರೀತಿಯೂ ಜೀವದ ಪ್ರಶ್ನೆ. ತಣ್ಣೀರಿನಲ್ಲಿ ಇದ್ದವರನ್ನು ತೋಳು ಹಿಡಿದು ನೆಟ್ಟಗೆ ಮೇಲೆಳೆದರೆ ರಕ್ತ ಕಾಲಿನ ಕಡೆ ಇಳಿಯುತ್ತದೆ, ಒತ್ತಡ ಕುಸಿಯುತ್ತದೆ. ಕಾಪಾಡಿದ ಕೆಲವೇ ನಿಮಿಷಗಳಲ್ಲಿ ಹೃದಯ ನಿಂತುಹೋಗಬಹುದು. ಆದ್ದರಿಂದ ಆದಷ್ಟು ಮಲಗಿದ ಭಂಗಿಯಲ್ಲೇ ಎತ್ತಬೇಕು. ಅದಕ್ಕೆ ಬದಿಯಿಂದ ಇಳಿಬಿಟ್ಟು ಸುರುಳಿ ಸುತ್ತಿ ಎತ್ತುವ ಬಲೆ ಇದೆ. ದುಬಾರಿಯದ್ದಲ್ಲ.

ಹತ್ತಿದ ಕೂಡಲೇ ಏನು ಕಾಣಬೇಕು? ಶವರ್. ಮೊದಲು ಹೇಳಿದ ಪೆಟ್ರೋಲ್ ಸುಟ್ಟಗಾಯಕ್ಕೆ ಮೊದಲ ಚಿಕಿತ್ಸೆ ಒದ್ದೆ ಬಟ್ಟೆ ತೆಗೆದು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯುವುದು. ತಡವಾದಷ್ಟೂ ಗಾಯ ಆಳವಾಗುತ್ತದೆ. ಶವರ್ ಆಸ್ಪತ್ರೆಯ ಆಚೆ, ಮೂರು ಮೆಟ್ಟಿಲು ಹತ್ತಿ ಹೋಗುವ ಕಡೆ ಇದ್ದರೆ ಪ್ರಯೋಜನ ಇಲ್ಲ. ನೂರು ಗಂಡಸರ ಎದುರು ಬಟ್ಟೆ ತೆಗೆಯಬೇಕಾದರೆ ಆ ಹೆಂಗಸು ನೋವನ್ನೇ ಮುಚ್ಚಿಡುತ್ತಾಳೆ. ಹತ್ತುವ ಬಾಗಿಲಿನ ಪಕ್ಕದಲ್ಲೇ, ಗೋಡೆ ಇರುವ, ಒಳಗಿನಿಂದ ಚಿಲಕ ಹಾಕಬಹುದಾದ ಶವರ್ ಕೋಣೆ ಬೇಕು, ಅಲ್ಲಿ ನರ್ಸ್ ಅಥವಾ ಸೂಲಗಿತ್ತಿ ಇರಬೇಕು. ಮರ್ಯಾದೆ ಮತ್ತು ಚಿಕಿತ್ಸೆ ಇಲ್ಲಿ ಒಂದೇ ಕೆಲಸ.

ನೀರು, ಶೌಚಾಲಯ, ಕಾಯುವ ದಿನಗಳು

300 ಜನರನ್ನು ಹತ್ತಿಸಿಕೊಂಡ ಹಡಗನ್ನು ಊಹಿಸಿ. ನಿರಾಶ್ರಿತರ ಶಿಬಿರಗಳಿಗೆ ಜಗತ್ತಿನಾದ್ಯಂತ ಬಳಸುವ 'ಸ್ಫಿಯರ್' ಮಾನದಂಡದಂತೆ ಒಬ್ಬರಿಗೆ ದಿನಕ್ಕೆ ಕುಡಿಯಲು, ಅಡಿಗೆಗೆ, ತೊಳೆಯಲು ಸೇರಿ ಕನಿಷ್ಠ 15 ಲೀಟರ್ ನೀರು ಬೇಕು. 300 ಜನಕ್ಕೆ ದಿನಕ್ಕೆ 4,500 ಲೀಟರ್. ಐದು ದಿನಕ್ಕೆ 22,500 ಲೀಟರ್, ಅಂದರೆ 22.5 ಟನ್. 300 ಜನರ ತೂಕವೂ 75 ಕಿಲೋ ಲೆಕ್ಕದಲ್ಲಿ ಅಷ್ಟೇ! ಜನ ಡೆಕ್ ಮೇಲೆ, ಎತ್ತರದಲ್ಲಿ. ನೀರು ತಳದ ಟ್ಯಾಂಕಿನಲ್ಲಿ. ತಳದ ಈ ಭಾರ ಹಡಗನ್ನು ನೆಟ್ಟಗೆ ಇಡಲು ಸಹಾಯ ಮಾಡುತ್ತದೆ. ಆದರೆ ದಿನ ಕಳೆದಂತೆ ನೀರು ಖಾಲಿಯಾಗುತ್ತದೆ, ಜನ ಮೇಲೆಯೇ ಇರುತ್ತಾರೆ. ಅರ್ಧ ತುಂಬಿದ ಟ್ಯಾಂಕಿನ ನೀರು ಹಡಗು ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ. ಅದಕ್ಕೆ ಒಂದು ದೊಡ್ಡ ಟ್ಯಾಂಕಿನ ಬದಲು ಹಲವು ಸಣ್ಣ ಟ್ಯಾಂಕುಗಳಿರಬೇಕು. ಒಂದನ್ನು ಪೂರ್ತಿ ಖಾಲಿ ಮಾಡಿ ಮತ್ತೊಂದಕ್ಕೆ ಹೋಗಬೇಕು. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರವೂ ಬೇಕು.

ಶೌಚಾಲಯ: ತುರ್ತಿನ ಮೊದಲ ಹಂತದಲ್ಲಿ 50 ಜನಕ್ಕೆ ಒಂದು, ಆಮೇಲೆ 20 ಜನಕ್ಕೆ ಒಂದು ಎನ್ನುತ್ತದೆ ಅದೇ ಮಾನದಂಡ. 300 ಜನಕ್ಕೆ ಮೊದಲು ಆರು, ಆಮೇಲೆ ಹದಿನೈದು. ಸಮುದ್ರದ ಮಧ್ಯೆ ಆಮೇಲೆ ಕಟ್ಟಲು ಆಗುವುದಿಲ್ಲವಾದ್ದರಿಂದ ಹದಿನೈದಕ್ಕೇ ಜಾಗ ಇಟ್ಟುಕೊಳ್ಳಬೇಕು. ಸಂಖ್ಯೆಗಿಂತ ಮುಖ್ಯವಾದದ್ದು ಜಾಗ. ಪ್ರವಾಹದಲ್ಲಿ ನಮ್ಮ ಶಾಲೆಗಳಲ್ಲಿ ತೆರೆಯುವ ಕಾಳಜಿ ಕೇಂದ್ರಗಳನ್ನು ನೋಡಿದವರಿಗೆ ಗೊತ್ತು. ಶೌಚಾಲಯ ಕತ್ತಲಲ್ಲಿ, ಅಂಗಳದ ಆ ತುದಿಯಲ್ಲಿ ಇದ್ದರೆ ಹೆಣ್ಣುಮಕ್ಕಳು ಸಂಜೆಯಿಂದಲೇ ನೀರು ಕುಡಿಯುವುದು ಬಿಡುತ್ತಾರೆ. ಹಡಗಿನಲ್ಲೂ ಅದೇ ಆಗುತ್ತದೆ. ಹೆಂಗಸರ ಮಲಗುವ ಕೋಣೆಯಿಂದ ಗಂಡಸರ ಡೆಕ್ ದಾಟದೆ ಶೌಚಾಲಯಕ್ಕೆ ಹೋಗುವಂತಿರಬೇಕು. ರಾತ್ರಿಯೆಲ್ಲ ದೀಪ ಇರಬೇಕು.

ಇನ್ನು ದಿನಗಳ ಲೆಕ್ಕ. ಲಿಬಿಯಾದ ತೀರದಿಂದ ಇಟಲಿಯ ಲ್ಯಾಂಪೆಡೂಸಾ ದ್ವೀಪಕ್ಕೆ ಸುಮಾರು 300 ಕಿ.ಮೀ. ಹಡಗಿಗೆ ಒಂದು ದಿನದ ದಾರಿಯೂ ಅಲ್ಲ. ಆದರೆ 2018ರ ಜೂನ್‌ನಲ್ಲಿ 629 ಜನರನ್ನು ಕಾಪಾಡಿದ ಅಕ್ವೇರಿಯಸ್‌ಗೆ ಇಟಲಿ, ಮಾಲ್ಟಾ ಎರಡೂ ಬಾಗಿಲು ಮುಚ್ಚಿದವು. ಅವರು ಕೊನೆಗೆ ಇಳಿದದ್ದು ಸ್ಪೇನಿನ ವೆಲೆನ್ಸಿಯಾದಲ್ಲಿ. 2019ರ ಆಗಸ್ಟ್‌ನಲ್ಲಿ 'ಓಪನ್ ಆರ್ಮ್ಸ್' ಹಡಗಿನವರು 19 ದಿನ ಕಾದರು. ದಡ ಕಣ್ಣೆದುರೇ ಇದ್ದರೂ ಇಳಿಯಲು ಬಿಡದೆ ಹೋದಾಗ ಕೆಲವರು ಸಮುದ್ರಕ್ಕೆ ಹಾರಿದರು. 2020ರಲ್ಲಿ 27 ಜನರನ್ನು ಎತ್ತಿಕೊಂಡ ಟ್ಯಾಂಕರ್ 'ಮೆರ್ಸ್ಕ್ ಎಟಿಯೆನ್' 38 ದಿನ ಕಾಯಬೇಕಾಯಿತು. ಈಚೆಗೆ ಇಟಲಿ ಬಂದರು ಕೊಡುತ್ತದೆ, ಆದರೆ ದೂರದ್ದು. ಉತ್ತರ ಇಟಲಿಯ ರವೆನ್ನಾಗೆ ಹೋಗಬೇಕಾದರೆ ಸುಮಾರು 900 ನಾಟಿಕಲ್ ಮೈಲಿ, ಅಂದರೆ 1,600 ಕಿ.ಮೀ.ಗೂ ಹೆಚ್ಚು. ಗಂಟೆಗೆ 12 ನಾಟಿಕಲ್ ಮೈಲಿ ವೇಗದಲ್ಲಿ ಮೂರು ದಿನಕ್ಕೂ ಜಾಸ್ತಿ.

ಇದು ರಾಜಕೀಯದ ತಪ್ಪು, ವಿನ್ಯಾಸದಿಂದ ಸರಿಹೋಗುವಂಥದ್ದಲ್ಲ. ಆದರೂ ನಕ್ಷೆ ಹಾಕುವವರು ಅದನ್ನು ಅಲೆಯ ಹೊಡೆತದಂತೆ ಲೆಕ್ಕಕ್ಕೆ ಹಿಡಿಯಲೇಬೇಕು. ನನ್ನ ಪ್ರಕಾರ ಹತ್ತು ದಿನಕ್ಕೆ ಸಾಕಾಗುವ ಊಟ, ಔಷಧ, ನೆರಳು ಇರಬೇಕು. ಕಾಲು ಚಾಚಿ ಮಲಗುವ ಜಾಗ ಪ್ರತಿಯೊಬ್ಬರಿಗೂ ಬೇಕು. ಸ್ಥಿರತೆಯ ಲೆಕ್ಕದಲ್ಲಿ ಒಂದು ಚದರ ಮೀಟರಿಗೆ ನಾಲ್ಕು ಜನ ನಿಲ್ಲುತ್ತಾರೆ ಎಂದು ಹಿಡಿಯುತ್ತಾರೆ. ಹಡಗು ಮಗುಚುವುದಿಲ್ಲ ಎಂದು ನೋಡಲು ಅದು ಸರಿ. ಮನುಷ್ಯ ಮಲಗಲು ಅದಲ್ಲ ಅಳತೆ. ಮಗುವಿಗೆ ಹಾಲುಣಿಸಲು, ನಮಾಜು ಮಾಡಲು, ಸುಮ್ನೆ ಗೋಡೆಗೆ ಒರಗಿ ಅಳಲು ಒಂದು ಮೂಲೆಯೂ ಬೇಕಲ್ವಾ? ನಾವು ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ದಿನ ಎಂದು ತೋರಿಸುವ ದೊಡ್ಡ ನಕಾಶೆ ಡೆಕ್ ಮೇಲೆ ಇರಬೇಕು. ಲಿಬಿಯಾಕ್ಕೆ ವಾಪಸ್ ಒಯ್ಯುತ್ತಿಲ್ಲ ಎಂದು ಕಣ್ಣಾರೆ ಕಂಡರೆ ಅರ್ಧ ಭಯ ಇಳಿಯುತ್ತದೆ.

ಜನರನ್ನು ಜಾಸ್ತಿ ತುಂಬಿಸಿದ್ದೀರಿ ಎಂದು ಇಂಥ ಹಡಗುಗಳನ್ನು ಬಂದರಿನಲ್ಲೇ ತಡೆದದ್ದೂ ಇದೆ. ಸಮುದ್ರದಲ್ಲಿ ಜೀವ ಸುರಕ್ಷತೆಗಾಗಿ ಇರುವ 1974ರ 'ಸೋಲಾಸ್' ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಅಪಾಯದಿಂದ ಎತ್ತಿಕೊಂಡವರನ್ನು ಹಡಗಿನ ಪ್ರಮಾಣಪತ್ರದಲ್ಲಿರುವ ಜನರ ಮಿತಿಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ರಕ್ಷಣಾ ಹಡಗು ನಡೆಸುವ ಜರ್ಮನಿಯ ಸೀ-ವಾಚ್ ಸಂಸ್ಥೆಯ ಮೊಕದ್ದಮೆಯಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2022ರ ಆಗಸ್ಟ್ 1ರಂದು ಇದನ್ನೇ ಎತ್ತಿಹಿಡಿಯಿತು. ಆದರೆ ಸುರಕ್ಷತೆಗೆ ನಿಜವಾಗಿ ಧಕ್ಕೆ ಇದೆ ಎಂಬುದಕ್ಕೆ ಆಧಾರ ಇದ್ದರೆ ಬಂದರಿನವರು ಪರೀಕ್ಷೆ ಮಾಡಬಹುದು ಎಂದೂ ಹೇಳಿತು. ನಕ್ಷೆಯಲ್ಲೇ ಎಲ್ಲವೂ ಲೆಕ್ಕ ಹಾಕಿದ್ದರೆ ಹಡಗನ್ನು ತಡೆಯಲು ನೆಪ ಸಿಗುವುದಿಲ್ಲ.

ಚಿಕ್ಕದಾಗಿ ಕಾಣುವ ಇನ್ನೊಂದು ವಿಷಯ, ಸಾಮಾನು. ಏಪ್ರಿಲ್ 18ರ ಆ ದೋಣಿಯನ್ನು ಇಟಲಿ 2016ರಲ್ಲಿ ಸಮುದ್ರದ ತಳದಿಂದ ಮೇಲೆತ್ತಿತು. ಮಿಲಾನ್‌ನ ವಿಧಿವಿಜ್ಞಾನ ತಜ್ಞೆ ಕ್ರಿಸ್ಟೀನಾ ಕಟ್ಟಾನಿಯೋ ಅವರ ತಂಡ ಸತ್ತವರ ಗುರುತು ಹುಡುಕಲು ಕೂತಿತು. ಮಾಲಿ ದೇಶದ ಒಬ್ಬ ಹುಡುಗನ ಜಾಕೆಟ್ಟಿನೊಳಗೆ ಏನೋ ಹೊಲಿದಿಟ್ಟದ್ದು ಸಿಕ್ಕಿತು. ಬಿಚ್ಚಿದರೆ ಶಾಲೆಯ ಅಂಕಪಟ್ಟಿ. ಎಲ್ಲವನ್ನೂ ಬಿಟ್ಟು ಬರುವವರು ಇಂಥದ್ದನ್ನೇ ತರುತ್ತಾರೆ: ಅಂಕಪಟ್ಟಿ, ಫೋಟೋ, ಫೋನ್ ನಂಬರ್ ಬರೆದ ಚೀಟಿ. ಪೆಟ್ರೋಲ್ ಮೆತ್ತಿದ ಬಟ್ಟೆಯನ್ನು ತೆಗೆದು ಬಿಸಾಡುವ ಮೊದಲು ಹೊಲಿಗೆ ಮುಟ್ಟಿ ನೋಡಬೇಕು. ಪ್ರತಿಯೊಬ್ಬರಿಗೂ ಹೆಸರು ಬರೆದ, ನೀರು ಹೋಗದ ಒಂದು ಚೀಲ ಕೊಡಬೇಕು, ಅದನ್ನು ಇಡಲು ಕಪಾಟಿನ ಸಾಲು ನಕ್ಷೆಯಲ್ಲಿರಬೇಕು. ಸತ್ತವರನ್ನು ಇಡಲು ತಂಪಾದ, ಜನರ ಕಣ್ಣಿಗೆ ಬೀಳದ ಒಂದು ಕೋಣೆಯೂ ಬೇಕು. ಅವರ ಚೀಲವೂ ಅವರ ಜೊತೆಗೇ ಇರಬೇಕು.

ಇಂಥ ಹಡಗನ್ನು ನಾವು ಇಲ್ಲಿ ಕಟ್ಟುವುದಿಲ್ಲ. ಆದರೆ ಮಳೆಗಾಲಕ್ಕೆ ಮುಂಚೆ ನಮ್ಮ ಕಡೆಯ ಜಿಲ್ಲೆಗಳಲ್ಲಿ ರಕ್ಷಣಾ ಬೋಟ್ ತರಿಸುವವರು, ಕಾಳಜಿ ಕೇಂದ್ರದ ಪಟ್ಟಿ ಮಾಡುವವರು ಇದ್ದಾರೆ. ಅವರ ಪಟ್ಟಿಗೆ ಕೆಲವು ಸೇರಿಸಬಹುದು. ದೂರದಿಂದ ಕೂಗಲು ಧ್ವನಿವರ್ಧಕ. ಜನ ಹತ್ತುವ ಮೊದಲೇ ಎಸೆಯಲು ಸಾಕಷ್ಟು ಲೈಫ್ ಜಾಕೆಟ್, ಮಕ್ಕಳ ಅಳತೆಯದ್ದೂ ಸೇರಿ. ಮಲಗಿಸಿ ಎತ್ತುವ ಬಲೆ. ಬೋಟಿಗೆ ಎಷ್ಟು ಜನ ಎಂದು ಬದಿಯ ಮೇಲೆ ದೊಡ್ಡ ಕನ್ನಡ ಅಂಕಿಯಲ್ಲಿ ಬರೆದದ್ದು. ಆಧಾರ್ ಕಾರ್ಡು, ಹೊಲದ ಉತಾರ, ಮಕ್ಕಳ ಅಂಕಪಟ್ಟಿ ಇಟ್ಟುಕೊಳ್ಳಲು ಮನೆಗೊಂದು ನೀರು ಹೋಗದ ಚೀಲ. ಟೆಂಡರ್ ಕರೆಯುವ ಮೊದಲೇ ಇವನ್ನು ಬರೆದುಕೊಟ್ಟರೆ ಈ ವರ್ಷದ ಖರೀದಿಯಲ್ಲೇ ಬರುತ್ತವೆ.